ಟ್ರಿಗಲ್‌ಥ್ವೇಟ್ ಗೋತ್ರ

ಮೊನ್ನೆ ಒಗ್ಗರಣೆ ಡಬ್ಬಿ ತೊಳೆಯೋಣವೆಂದು ಸಾಸಿವೆ ಬಟ್ಟಲನ್ನು ತಟ್ಟೆಗೆ ಬಗ್ಗಿಸಿದರೆ, ಸಾಸಿವೆಯ ಜೊತೆಗೆ ಹಸಿರು ತಲೆಯ ಒಂದು ಗುಂಡುಪಿನ್ನೂ ಉರುಳಿ ಬಂತು. ಎಷ್ಟು ದಿನದಿಂದ ಅಲ್ಲಿತ್ತೋ, ಎಷ್ಟು ಸಲ ಚಮಚ ಅದರ ಪಕ್ಕದಲ್ಲೇ ಹಾದು ಹೋಗಿತ್ತೋ. ಯಾರ ಹೊಟ್ಟೆಗೂ ಹೋಗಲಿಲ್ಲವಲ್ಲ, ಅದರಲ್ಲೂ ನಮ್ಮ ಯಜಮಾನರ ಹೊಟ್ಟೆಗೆ ಹೋಗಲಿಲ್ಲವಲ್ಲ. ಅವರು ಡಾಕ್ಟರು. ತಮ್ಮದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡಾಗ, ಹೊಟ್ಟೆಯೊಳಗೆ ಹೆಂಡತಿ ಹಾಕಿದ ಗುಂಡುಪಿನ್ನು ಎಲ್ಲರಿಗೂ ಕಾಣಿಸಿದ್ದರೆ ಇವರು ಕೆಲಸ ಬಿಟ್ಟು ಊರನ್ನೇ ಬಿಡುತ್ತಿದ್ದರು.

ಸಂಜೆ ದೀಪ ಹಚ್ಚಿದಾಗ ದೇವರಿಗೆ ಮೊದಲು ಇದನ್ನೇ ಹೇಳಬೇಕು ಅಂದುಕೊಂಡೆ. ಇದು ನನಗೆ ನಮ್ಮಮ್ಮನಿಂದ ಬಂದ ಅಭ್ಯಾಸ. ಬೇಕಾದ್ದನ್ನು ಬೆಳಿಗ್ಗೆ ಕೇಳಿಕೋ, ಸಂಜೆ ಸಿಕ್ಕಿದ್ದನ್ನು ಮಾತ್ರ ಹೇಳು ಅನ್ನುತ್ತಿದ್ದಳು. ದಿನಕ್ಕೆ ಮೂರಾದರೂ ಸಿಗಬೇಕು. ಮೈಸೂರಿನಲ್ಲಿ ಮೂರು ಹುಡುಕುವುದು ಕಷ್ಟವಿರಲಿಲ್ಲ, ನಲ್ಲಿಯಲ್ಲಿ ನೀರು ಬಂದರೆ ಒಂದು ಆಯಿತು. ಇಂಗ್ಲೆಂಡಿನ ಈ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ನಲ್ಲಿ ಯಾವಾಗಲೂ ಬರುತ್ತದೆ, ಆದ್ದರಿಂದ ಸ್ವಲ್ಪ ಯೋಚಿಸಬೇಕು. ಬಸ್ಸಿನವನು ನಾನು ಓಡಿ ಬರುವುದನ್ನು ನೋಡಿ ನಿಲ್ಲಿಸಿದ. ಕರಿಬೇವು ತಾಜಾ ಸಿಕ್ಕಿತು. ಮಗಳು ತಾನಾಗಿಯೇ ಫೋನ್ ಮಾಡಿದಳು. ನಾನು ದೊಡ್ಡ ಭಕ್ತೆಯೇನಲ್ಲ, ಲೆಕ್ಕದಲ್ಲಿ ಮಾತ್ರ ಚುರುಕು.

ಆ ಹಸಿರು ಪಿನ್ನಿನ ಕಥೆ ನಮ್ಮ ಪಕ್ಕದ ಮನೆಯವರದು. ಪಕ್ಕದ ಮನೆ ಅಂದರೆ ಪೂರ್ತಿ ಪಕ್ಕ. ಒಂದೇ ಕಟ್ಟಡವನ್ನು ನಡುವೆ ಗೋಡೆ ಹಾಕಿ ಎರಡು ಮನೆ ಮಾಡಿದ್ದಾರೆ. ನಮ್ಮ ಅಡಿಗೆಮನೆಯ ಗೋಡೆಯ ಆ ಕಡೆ ಅವರ ಓದುವ ಕೋಣೆ. ನಾನು ಕುಕ್ಕರ್ ಇಟ್ಟರೆ ಅವರು ಸೀಟಿ ಎಣಿಸುತ್ತಾರೆ. ಒಂದು ದಿನ ನಾನು ಮರೆತು ಮಾತಾಡುತ್ತ ನಿಂತಿದ್ದಾಗ ಗೋಡೆ ಟಕಟಕ ಬಡಿದು, "ಮಿಸೆಸ್ ದೊಡ್ಡಮರಳಿ, ನಾಲ್ಕಾಯಿತು," ಎಂದು ಕೂಗಿದ್ದರು. ಬೇಳೆ ತಳ ಹಿಡಿಯದೆ ಉಳಿಯಿತು. ಆ ಸಂಜೆ ದೇವರ ಮುಂದೆ ಅವರ ಹೆಸರು ಹೇಳಿದೆ, ಅಂದರೆ ಹೇಳಲು ಪ್ರಯತ್ನಪಟ್ಟೆ. ಅವರ ಹೆಸರು ಆರ್ನಲ್ಡ್ ಟ್ರಿಗಲ್‌ಥ್ವೇಟ್.

(ಅವರ ಜೊತೆ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲೇ. ನನಗೆ ಎಲ್ಲವೂ ಕನ್ನಡದಲ್ಲೇ ನೆನಪಿರುವುದರಿಂದ ಹಾಗೆಯೇ ಬರೆಯುತ್ತಿದ್ದೇನೆ.)

ಆಗ ಎಪ್ಪತ್ತನಾಲ್ಕು ವರ್ಷದ ಬ್ರಹ್ಮಚಾರಿ. ಬೀಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಒಂದೇ ಕೆಲಸ: ಪ್ರಪಂಚದಲ್ಲಿರುವ ಟ್ರಿಗಲ್‌ಥ್ವೇಟ್‌ಗಳನ್ನೆಲ್ಲ ಹುಡುಕುವುದು. ಈ ದೇಶದಲ್ಲಿ ಹೀಗೆ ಒಂದೇ ಸರ್‌ನೇಮನ್ನು ಹಿಡಿದುಕೊಂಡು ಜನ್ಮ ಕಳೆಯುವವರು ಬೇರೆಯವರೂ ಇದ್ದಾರಂತೆ. ಸರ್‌ನೇಮು ಅಪರೂಪದ್ದಾದಷ್ಟೂ ಗೌರವ ಹೆಚ್ಚು. ಸ್ಮಿತ್ ಅಂತ ಇರುವವರನ್ನು ಇವರ ಗುಂಪಿನಲ್ಲಿ ಯಾರೂ ಮಾತಾಡಿಸುವುದಿಲ್ಲವೋ ಏನೋ.

ಓದುವ ಕೋಣೆಯ ಗೋಡೆಗೆ ಇಂಗ್ಲೆಂಡಿನ ದೊಡ್ಡ ನಕಾಶೆ. ಒಬ್ಬೊಬ್ಬ ಟ್ರಿಗಲ್‌ಥ್ವೇಟ್‌ಗೂ ಒಂದೊಂದು ಕೆಂಪು ಪಿನ್ನು. ಯಾರ್ಕ್‌ಷೈರಿನ ಒಂದು ಕಣಿವೆಯಲ್ಲಿ ಕುಂಕುಮ ಚೆಲ್ಲಿದ ಹಾಗೆ ಒತ್ತಾಗಿವೆ. ಅಲ್ಲಿಂದ ಲೀಡ್ಸ್‌ಗೆ ಒಂದು ಸಾಲು ಇಳಿಯುತ್ತದೆ. ಮ್ಯಾಂಚೆಸ್ಟರಿನಲ್ಲಿ ನಾಲ್ಕು, ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಕೆಳಗೆ, ಬಹಳ ಕೆಳಗೆ, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಒಂಟಿ ಪಿನ್ನು. ಅದು ಇವರು. ಅಜ್ಜ ಬೀಗದ ಕೆಲಸ ಹುಡುಕಿಕೊಂಡು ಬಂದವರಂತೆ.

"ಥ್ವೇಟ್ ಅಂದರೆ ಕಾಡು ಕಡಿದು ಮಾಡಿದ ಬಯಲು," ಎಂದು ಅವರು ಒಮ್ಮೆ ನನ್ನ ಚಕ್ಕುಲಿ ತಿನ್ನುತ್ತ ವಿವರಿಸಿದ್ದರು. "ಆ ಕಣಿವೆಯಲ್ಲಿ ಯಾರೋ ಒಬ್ಬ ಕಾಡು ಕಡಿದು ಮನೆ ಕಟ್ಟಿದ. ಕುರಿ ಸಾಕಿದ. ಅವನ ಮಕ್ಕಳು, ಮೊಮ್ಮಕ್ಕಳು, ನಾವೆಲ್ಲ. ಬೇರೆ ಬೇರು ಇಲ್ಲವೇ ಇಲ್ಲ. ನಾವೆಲ್ಲ ಒಂದೇ ಒಲೆಯವರು."

"ಒಂದೇ ಒಲೆ" ಅನ್ನುವ ಹೆಸರಿನಲ್ಲಿ ಒಂದು ಪತ್ರಿಕೆಯನ್ನೂ ಮಾಡುತ್ತಿದ್ದರು. ಎರಡು ಹಾಳೆ, ನಡುವೆ ಒಂದು ಸ್ಟೇಪಲ್. ವಿಳಾಸ ಗೊತ್ತಿದ್ದ ಟ್ರಿಗಲ್‌ಥ್ವೇಟ್‌ಗಳಿಗೆಲ್ಲ ಅಂಚೆಯಲ್ಲಿ ಹೋಗುತ್ತಿತ್ತು. ಬಹಳ ಜನ ಓದದೆ ಎಸೆಯುತ್ತಿದ್ದರೆಂದು ಅವರಿಗೂ ಗೊತ್ತಿತ್ತು. "ಎಸೆಯುವವರೂ ಟ್ರಿಗಲ್‌ಥ್ವೇಟ್‌ಗಳೇ," ಎನ್ನುತ್ತಿದ್ದರು, ಪ್ರೀತಿಯಿಂದ.

ಅವರಿಗೆ ನಮ್ಮ ಸರ್‌ನೇಮಿನ ಮೇಲೆ ಕಣ್ಣು ಬಿದ್ದದ್ದು ನಾವು ಈ ಮನೆಗೆ ಬಂದ ವಾರವೇ. ಕೌನ್ಸಿಲ್ ಟ್ಯಾಕ್ಸಿನ ಕಾಗದ ತಪ್ಪಿ ಅವರ ಮನೆಗೆ ಹೋಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು, ಪ್ರಸಾದ ತಂದ ಹಾಗೆ.

"ದೊಡ್ಡಮರಳಿ. ಇದನ್ನು ನಾನು ಎಲ್ಲೂ ನೋಡಿಲ್ಲ. ಈ ದೇಶದಲ್ಲಿ ಎಷ್ಟು ಜನ ಇದ್ದೀರಿ?"

"ಮೂರು ಜನ. ಇವರು, ನಾನು, ಮಗಳು ಮೇಧಾ. ಅವಳು ಬರ್ಮಿಂಗ್‌ಹ್ಯಾಮಿನಲ್ಲಿ ಓದ್ತಾಳೆ, ಸೆಲ್ಲಿ ಓಕ್‌ನಲ್ಲಿ ರೂಮು."

"ಇಂಡಿಯಾದಲ್ಲಿ?"

"ಯಾರೂ ಇಲ್ಲ."

ಅವರು ಕುಳಿತುಕೊಂಡರು. ನಾನು ಇದ್ದದ್ದನ್ನು ಹೇಳಿದೆ. ನಮ್ಮಲ್ಲಿ ಸರ್‌ನೇಮು ಇರುವುದಿಲ್ಲ, ಎರಡು ಇನಿಷಿಯಲ್ ಇರುತ್ತವೆ. ಮೊದಲನೆಯದು ಊರು, ಎರಡನೆಯದು ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾನೆ ಖಾಲಿ ಬಿಡಬಾರದು ಅಂದರು. ಇವರು ಊರನ್ನು ಬಿಡಿಸಿ ಬರೆದರು. ದೊಡ್ಡಮರಳಿ ಅನ್ನುವುದು ನಮ್ಮ ಮಾವನವರ ಊರು.

"ಹಾಗಾದರೆ ಆ ಊರಿನಲ್ಲಿ ಈ ಹೆಸರಿನವರು ತುಂಬ ಇರಬೇಕು."

"ಆ ಊರಿನಲ್ಲಿ ಇರೋವರು ಯಾಕೆ ಆ ಊರಿನ ಹೆಸರು ಇಟ್ಕೋತಾರೆ? ಅವರು ಅಲ್ಲೇ ಇದಾರಲ್ಲ."

ಅವರು ಹೇಳಿದರು, "ಅಂದರೆ ಇದು ಒಂದು ಬ್ರಿಟಿಷ್ ಸರ್‌ನೇಮು. ಪ್ರಪಂಚದಲ್ಲಿ ಇರುವುದು ಇಲ್ಲಿ ಮಾತ್ರ. ನಮ್ಮದಕ್ಕಿಂತ ಅಪರೂಪದ್ದು." ಅವರ ದನಿಯಲ್ಲಿ ಸ್ವಲ್ಪ ಅಸೂಯೆಯೂ ಇತ್ತು. ಅವತ್ತೇ ಪೇಟೆಗೆ ಹೋಗಿ ಹಸಿರು ತಲೆಯ ಪಿನ್ನಿನ ಡಬ್ಬಿ ತಂದರು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಎರಡು, ಸೆಲ್ಲಿ ಓಕ್‌ನಲ್ಲಿ ಒಂದು ಚುಚ್ಚಿದರು. ಮೇಧಾ ರಜೆಗೆ ಮನೆಗೆ ಬಂದಾಗಲೆಲ್ಲ ಅವಳ ಪಿನ್ನನ್ನೂ ಇಲ್ಲಿಗೆ ತಂದು, ಅವಳು ರೈಲು ಹತ್ತಿದ ಮೇಲೆ ಮತ್ತೆ ಅಲ್ಲಿಗೆ ಒಯ್ಯುತ್ತಿದ್ದರು. ನಾನು ತಾಯಿಯಾಗಿ ಅಷ್ಟು ನಿಗಾ ಇಟ್ಟಿರಲಿಲ್ಲ.

ಇಂಥವರ ಬಾಳಿಗೆ ಡೊರೊತಿ ಬಂದದ್ದು ಆ ಪತ್ರಿಕೆಯ ದಾರಿಯಲ್ಲೇ. ಲೀಡ್ಸಿನವರು, ಅರವತ್ತೆಂಟು ವರ್ಷ, ಮದುವೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಲೀಡ್ಸಿನಲ್ಲಿ ಬಸ್ ಓಡಿಸಿದವರು. ಪತ್ರಿಕೆಯಲ್ಲಿ ಅಚ್ಚಾದ ನಕಾಶೆ ನೋಡಿ ಒಂದು ಕಾಗದ ಬರೆದಿದ್ದರು: "ಪ್ರಿಯ ಟ್ರಿಗಲ್‌ಥ್ವೇಟ್, ನನ್ನ ಪಿನ್ನನ್ನು ರಸ್ತೆಯ ತಪ್ಪು ಬದಿಗೆ ಚುಚ್ಚಿದ್ದೀರಿ. ಅಲ್ಲಿ ಇರುವುದು ಕಾರ್ಪೆಟ್ ಅಂಗಡಿ. ಇತಿ, ಟ್ರಿಗಲ್‌ಥ್ವೇಟ್." ಇವರು ಕ್ಷಮೆ ಕೇಳಿ ಬರೆದರು. ಡೊರೊತಿ, ಸರಿಯಾಗಿ ಚುಚ್ಚಿದ್ದೀರೋ ಇಲ್ಲವೋ ನೋಡುತ್ತೇನೆಂದು ರೈಲು ಹತ್ತಿ ಬಂದರು. ಮುಂದಿನದು ನಿಮಗೇ ಗೊತ್ತಾಗುತ್ತದೆ.

ಒಂದು ಮಂಗಳವಾರ ಬೆಳಿಗ್ಗೆ ನಾನು ದೋಸೆ ಹಾಕುತ್ತಿದ್ದಾಗ ಟ್ರಿಗಲ್‌ಥ್ವೇಟರು ಟೈ ಕಟ್ಟಿಕೊಂಡು ಬಂದು ಅಡಿಗೆಮನೆಯ ಮೇಜಿನ ಹತ್ತಿರ ನಿಂತರು.

"ಮಿಸೆಸ್ ದೊಡ್ಡಮರಳಿ, ಮೊದಲು ನಿಮಗೇ ಹೇಳುತ್ತಿದ್ದೇನೆ. ನಾನು ಡೊರೊತಿಯನ್ನು ಮದುವೆಯಾಗುತ್ತಿದ್ದೇನೆ."

ನನಗೆ ನಿಜವಾಗಿ ಸಂತೋಷವಾಯಿತು. ಮೊದಲು ಸಕ್ಕರೆ ಕೊಡಬೇಕಿತ್ತು. ಸಕ್ಕರೆ ಡಬ್ಬಿಗೆ ಕೈ ಹಾಕಿದ್ದೆ ಕೂಡ. ಆದರೆ ನಲವತ್ತು ವರ್ಷ ಮನೆಯಲ್ಲಿ ಮದುವೆ ಮಾತುಕತೆ ಕೇಳಿ ಪಳಗಿದ ಬಾಯಿ, ಕೈಗಿಂತ ಮೊದಲು ಓಡಿತು.

"ಅಯ್ಯೋ, ಸಗೋತ್ರ ಅಲ್ವಾ?"

ಅಷ್ಟೇ ಹೇಳಿದ್ದು. ಅವರಿಗೆ ಅರ್ಥವಾಗಲಿಲ್ಲ, ಕೇಳಿದರು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಯಾರಾದರೂ ನಮ್ಮ ಸಂಪ್ರದಾಯದ ಬಗ್ಗೆ ಕೇಳಿದರೆ ನನಗೆ ಹೆಮ್ಮೆ. ಒಲೆ ಸಣ್ಣ ಮಾಡಿ ಬಿಡಿಸಿ ಹೇಳಿದೆ. ಒಬ್ಬ ಋಷಿಯಿಂದ ಬಂದವರೆಲ್ಲ ಒಂದು ಗೋತ್ರ. ಎಷ್ಟೇ ತಲೆಮಾರು ಕಳೆದರೂ ಒಂದೇ ಗೋತ್ರದ ಗಂಡು ಹೆಣ್ಣು ಅಣ್ಣ ತಂಗಿಯ ಲೆಕ್ಕ. ನಿಮ್ಮಲ್ಲೂ ಕಾಡು ಕಡಿದ ಒಬ್ಬ ಮೂಲಪುರುಷ ಇದ್ದಾನಲ್ಲ, ಅವನೇ ನಿಮ್ಮ ಋಷಿ.

ಅವರ ಮುಖ ದೋಸೆ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಅಣ್ಣ ತಂಗಿ," ಎಂದರು.

"ಲೆಕ್ಕಕ್ಕೆ ಅಷ್ಟೇ."

"ನಿಮ್ಮಲ್ಲಿ ಸಂಬಂಧಿಕರು ಮದುವೆಯಾಗುವುದೇ ಇಲ್ಲ?"

"ಆಗ್ತಾರೆ, ಯಾಕಾಗಲ್ಲ? ನಾನೇ ಆಗಿದೀನಲ್ಲ. ಡಾಕ್ಟರು ನನ್ನ ಸೋದರತ್ತೆ ಮಗ."

"ನಿಮ್ಮ ತಂದೆಯ ಸ್ವಂತ ತಂಗಿಯ ಮಗ?"

"ಹೌದು. ಆದ್ರೆ ಗೋತ್ರ ಬೇರೆ. ಅತ್ತೆ ಮದುವೆಯಾಗಿ ಭಾರದ್ವಾಜ ಗೋತ್ರಕ್ಕೆ ಹೋದ್ರು, ನಮ್ಮಪ್ಪಂದು ಕೌಂಡಿನ್ಯ."

ಒಂದೇ ಅಜ್ಜಿಯ ಕೈಯಲ್ಲಿ ಸ್ನಾನ ಮಾಡಿಸಿಕೊಂಡು ಬೆಳೆದ ಇಬ್ಬರು ಮದುವೆಯಾಗಬಹುದು, ಕುರಿ ಕಾಯುವ ಕಾಲದಲ್ಲಿ ಬೇರೆಯಾದ ಇಬ್ಬರು ಆಗಬಾರದು. ನನಗೆ ಇದರಲ್ಲಿ ವಿಚಿತ್ರ ಎಂದೂ ಕಂಡಿರಲಿಲ್ಲ. ಆ ದಿನ ಅವರ ಮುಖ ನೋಡುತ್ತ ಮೊದಲ ಸಲ ಸ್ವಲ್ಪ ಕಂಡಿತು. ಅವರು ದೋಸೆ ಮುಟ್ಟದೆ ಎದ್ದು ಹೋದರು. ಆ ಸಂಜೆ ದೇವರಿಗೆ ಹೇಳಲು ನನಗೆ ಮೂರು ಸಿಗಲಿಲ್ಲ.

ಮರುದಿನ ಹೋಗಿ, ನಾನು ಸುಮ್ಮನೆ ಹೇಳಿದ್ದು, ನಿಮಗೆ ಇದೆಲ್ಲ ಅನ್ವಯಿಸುವುದಿಲ್ಲ ಅಂದೆ. ಮೇಧಾಳ ಹತ್ತಿರ ಕೇಳಿ ತಿಳಿದುಕೊಂಡಿದ್ದೆ, ಈ ದೇಶದ ಕಾನೂನಿನಲ್ಲಿ ಇದಕ್ಕೆ ಅಡ್ಡಿಯೇ ಇಲ್ಲ. ಅವರು ತಲೆಯಾಡಿಸಿದರು.

"ಕಾನೂನಿನ ಪ್ರಶ್ನೆ ಅಲ್ಲ. ನಾವೆಲ್ಲ ಒಂದೇ ಒಲೆಯವರು ಎಂದು ಇಪ್ಪತ್ತೆರಡು ಸಂಚಿಕೆಗಳಲ್ಲಿ ಬರೆದವನು ನಾನು. ನೀವು ಅದನ್ನು ಓದಿದವರ ಹಾಗೆ ಮಾತಾಡಿದಿರಿ. ಬೇರೆ ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ನಾನೂ ಸೇರಿ. ನಾನು ಬರೆದದ್ದು ನಿಜವಾದರೆ ಡೊರೊತಿ ನನ್ನ ತಂಗಿ. ತಂಗಿ ಅಲ್ಲವಾದರೆ ನಾನು ಬರೆದದ್ದೆಲ್ಲ ಸುಳ್ಳು."

ಅದಕ್ಕೆ ಅವರು ಹುಡುಕಿಕೊಂಡ ದಾರಿ ಏನೆಂದರೆ, ಇಬ್ಬರ ವಂಶವನ್ನೂ ಚರ್ಚುಗಳ ಹಳೆಯ ದಾಖಲೆಗಳಲ್ಲಿ ಹಿಂದಕ್ಕೆ ಹಿಂದಕ್ಕೆ ನೋಡಿಕೊಂಡು ಹೋಗುವುದು. ಅಲ್ಲೆಲ್ಲೋ ಎರಡು ಬೇರೆ ಒಲೆ ಕಂಡರೆ ಮದುವೆ. ಎಷ್ಟು ದಿನ ಬೇಕು ಅಂದೆ. ತಿಂಗಳಿಗೆ ಒಂದು ತಲೆಮಾರು ಸಿಕ್ಕರೆ ಅದೃಷ್ಟ ಎಂದರು. ಹನ್ನೊಂದು ತಲೆಮಾರು, ಎರಡು ಕಡೆ.

ನಮ್ಮ ಯಜಮಾನರಿಗೆ ಹೇಳಿದರೆ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಡಾಕ್ಟರ್ ಆಗಿ ಹೇಳೋದಾದ್ರೆ ತಪ್ಪು ಮಾಡಿರೋದು ನಾನು ನೀನು ಕಣೆ, ಅವರಲ್ಲ. ಅವರಿಗೆ ಎಪ್ಪತ್ತನಾಲ್ಕು, ಆಕೆಗೆ ಅರವತ್ತೆಂಟು. ಹುಟ್ಟೋ ಮಕ್ಕಳ ಚಿಂತೆ ಯಾಕೆ?"

"ನಾನೇನು ಮಕ್ಕಳ ವಿಷಯ ಹೇಳಿದ್ನಾ?"

"ನೀನು ಏನೂ ಹೇಳಬಾರದಿತ್ತು."

ಮೂರನೆಯ ವಾರಕ್ಕೆ, ಆ ದಾಖಲೆಗಳಲ್ಲೇ ಮುಳುಗಿದ್ದ ಟ್ರಿಗಲ್‌ಥ್ವೇಟರು ತಪ್ಪು ಬಿನ್ ಹೊರಗಿಟ್ಟರು. ಇದು ಎಷ್ಟು ದೊಡ್ಡ ಮಾತು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಬೀದಿಯಲ್ಲಿ ಯಾವ ವಾರ ಯಾವ ಬಣ್ಣದ ಕಸದ ಬಿನ್ ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಟ್ರಿಗಲ್‌ಥ್ವೇಟರು ಇಟ್ಟದ್ದನ್ನು ನೋಡಿ ಇಡುತ್ತೇವೆ. ಆ ದಿನ ಇಡೀ ಬೀದಿ ತಪ್ಪು ಬಿನ್ ಇಟ್ಟಿತು. ಲಾರಿಯವರು ಇಳಿದು ನೋಡಿ, ಯಾವುದನ್ನೂ ಮುಟ್ಟದೆ ಹೊರಟುಹೋದರು. ಎರಡು ವಾರದ ಕಸ ಮನೆಮನೆಯ ಮುಂದೆ ಕುಳಿತಿತು. ಇದೆಲ್ಲದಕ್ಕೂ ಕಾರಣ ನನ್ನ ಒಂದು ಮಾತು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೊಂದನ್ನು ಆ ಸಂಜೆ ದೇವರಿಗೆ ಹೇಳಿದೆ.

ಆಮೇಲೆ ಲೀಡ್ಸಿನಿಂದ ಫೋನ್ ಬಂತು.

"ನೀವೇನಾ, ಲವ್, ಆ ಗೋತ್ರದವರು?"

ಲವ್ ಅನ್ನುವುದು ಆ ಕಡೆಯವರು ಎಲ್ಲರಿಗೂ ಸೇರಿಸುವ ಮಾತು, ಬೈಯುವಾಗಲೂ. ನಾನು ಹೌದು ಅಂದೆ.

"ಕೇಳಿ. ನಾನು ಬಸ್ ಓಡಿಸಿದವಳು. ಓಡಿ ಬರುವವರಿದ್ದರೆ ನಿಲ್ಲಿಸಬೇಕು, ನಿಲ್ಲಿಸಿದೀನಿ. ಆದರೆ ಅವರು ಓಡಿ ಬರಬೇಕು. ನಿಮ್ಮ ಪಕ್ಕದ ಮನೆಯವರು ಫುಟ್‌ಪಾತಿನಲ್ಲಿ ನಿಂತು ಟೈಮ್‌ಟೇಬಲ್ ಓದ್ತಾ ಇದಾರೆ. ಈ ತಿಂಗಳ ಕೊನೆಯವರೆಗೆ ಬಾಗಿಲು ತೆಗೆದಿಟ್ಟಿರ್ತೀನಿ. ಆಮೇಲೆ ಹೊರಟೆ."

ನನಗೆ ಅವರ ಮಾತು ಪೂರ್ತಿ ಸರಿ ಅನ್ನಿಸಿತು. ತಿಂಗಳು ಮುಗಿಯಲು ಹನ್ನೆರಡು ದಿನ ಇತ್ತು. ಮುಚ್ಚಿದ್ದು ನಮ್ಮ ಶಾಸ್ತ್ರ, ತೆಗೆಯುವುದೂ ನಮ್ಮ ಶಾಸ್ತ್ರವೇ ಆಗಬೇಕು. ಮೈಸೂರಿನ ನಮ್ಮ ಮನೆತನದ ಶಾಸ್ತ್ರಿಗಳಿಗೆ ವಿಡಿಯೊ ಕಾಲ್ ಮಾಡಿದೆ. ಊಟ ಮುಗಿಸಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಿದ್ದರು.

"ಸಗೋತ್ರ ಬಂದುಬಿಟ್ಟಿದೆ ಶಾಸ್ತ್ರಿಗಳೇ. ಹುಡುಗ ಹುಡುಗಿ ಒಪ್ಪಿದಾರೆ. ಏನು ಮಾಡೋದು?"

"ಅದಕ್ಕೇನಂತೆ, ಮಾಡ್ತಾರಲ್ಲ. ಹುಡುಗೀನ ಬೇರೆ ಗೋತ್ರದ ದಂಪತಿಗಳು ದತ್ತು ತಗೊಳ್ಳೋದು, ಅವರೇ ಧಾರೆ ಎರೆದು ಕೊಡೋದು. ಯಾರಾದ್ರೂ ಇದಾರಾ?"

"ನಾವೇ ಇದೀವಿ, ಭಾರದ್ವಾಜ."

"ಭೇಷಾಯ್ತು. ಹುಡುಗೀಗೆ ವಯಸ್ಸೆಷ್ಟು?"

"ಅರವತ್ತೆಂಟು."

ಶಾಸ್ತ್ರಿಗಳು ಅಗಿಯುವುದನ್ನು ನಿಲ್ಲಿಸಿದರು. "ನಿಮಗೆಷ್ಟಮ್ಮ?"

"ಐವತ್ತೊಂದು. ಇವರಿಗೆ ಐವತ್ತೇಳು."

ಎದ್ದು ಹೋಗಿ ಉಗಿದು ಬಂದರು. ಮತ್ತೆ ಕುಳಿತು ಕನ್ನಡಕ ಹಾಕಿಕೊಂಡರು. ಹುಡುಗನ ವಯಸ್ಸು, ಕುಲ, ದೇಶ ಎಲ್ಲ ಕೇಳಿದರು. ನಾನು ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಹೇಳಿದರು, "ನೋಡಿ ತಾಯಿ. ಮಗು ತಾಯಿಗಿಂತ ದೊಡ್ಡದಾಗಿರಬಹುದು ಅಂತ ಶಾಸ್ತ್ರ ಯೋಚನೆ ಮಾಡಿಲ್ಲ. ಯೋಚನೆ ಮಾಡಿಲ್ಲ ಅಂದ್ಮೇಲೆ ಬೇಡ ಅಂತಲೂ ಎಲ್ಲೂ ಹೇಳಿಲ್ಲ. ಭಾನುವಾರ ಚೆನ್ನಾಗಿದೆ. ಫೋನು ಎತ್ತರದಲ್ಲಿಡಿ, ನನಗೆ ಎಲ್ಲ ಕಾಣಬೇಕು. ಮಗೂನ ಮಡಿಲಲ್ಲಿ ಕೂರಿಸ್ಕೋಬೇಕು, ಅದು ಮಾತ್ರ ಬಿಡೋ ಹಾಗಿಲ್ಲ."

ಟ್ರಿಗಲ್‌ಥ್ವೇಟರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರ ಸಿದ್ಧಾಂತಕ್ಕೆ ಗಾಯವಿಲ್ಲ: ಡೊರೊತಿ ಹುಟ್ಟಿನಿಂದ ಟ್ರಿಗಲ್‌ಥ್ವೇಟೇ, ಎಲ್ಲರೂ ಒಂದೇ ಒಲೆಯವರೇ. ಆದರೆ ಮದುವೆಯ ದಿನಕ್ಕೆ ಅವರು ಇನ್ನೊಂದು ಒಲೆಗೆ ಸೇರಿರುತ್ತಾರೆ. ನಕಾಶೆಯನ್ನು ಸುತ್ತಿಕೊಂಡು ನಮ್ಮ ಅಡಿಗೆಮನೆಗೆ ಬಂದು, ಮೇಜಿನ ಮೇಲೆ ಹರಡಿ, ಲೀಡ್ಸಿನ ಕೆಂಪು ಪಿನ್ನಿನ ಮೇಲೆ ಬೆರಳಿಟ್ಟರು.

"ದಾಖಲೆ ಏನು ಸಿಗುತ್ತದೆ?" ಎಂದರು.

"ಡಾಕ್ಟರು ಬರೆದುಕೊಡ್ತಾರೆ," ಅಂದೆ.

ಯಜಮಾನರು ನನ್ನನ್ನು ನೋಡಿದರು. ಆದರೂ ಬರೆದುಕೊಟ್ಟರು, ಪಾಪ. ರೋಗಿಗಳ ರಜೆಗೆ ಕಾಗದ ಬರೆದು ಅಭ್ಯಾಸವಾದ ಕೈ: "ಸಂಬಂಧಪಟ್ಟವರಿಗೆ. ಕುಮಾರಿ ಡೊರೊತಿ ಟ್ರಿಗಲ್‌ಥ್ವೇಟ್ ಇವರು ಭಾನುವಾರದಿಂದ ಭಾರದ್ವಾಜ ಗೋತ್ರದವರಾಗಿರುತ್ತಾರೆ." ಅದರ ಕೆಳಗೆ ಸಹಿ. ಅದನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಂಬರು ಕೊಟ್ಟು, ಚರ್ಚಿನ ದಾಖಲೆಗಳ ಪಕ್ಕದಲ್ಲಿ ಇಟ್ಟರು.

ಡೊರೊತಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಮದುವೆಗೆ ಮುಂಚೆ ನನ್ನ ಮಗಳಾಗಬೇಕು ಅಂದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಹೊತ್ತು ಹಿಡಿಯುತ್ತೆ?" ಒಂದು ಗಂಟೆ ಅಂದೆ. "ಹನ್ನೊಂದು ತಲೆಮಾರಿಗಿಂತ ವಾಸಿ," ಎಂದರು.

ಭಾನುವಾರ ಬೆಳಿಗ್ಗೆ ಬಂದರು. ಆರಡಿಗೆ ಸ್ವಲ್ಪ ಕಮ್ಮಿ, ಅಗಲವೂ ಅದಕ್ಕೆ ತಕ್ಕ ಹಾಗೆ. ನಾನು ಅವರ ಭುಜದವರೆಗೂ ಬರುವುದಿಲ್ಲ. ಮೇಧಾ ಸೆಲ್ಲಿ ಓಕ್‌ನಿಂದ ಬಂದವಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಅಮ್ಮ, ದಿಸ್ ಈಸ್ ನಾಟ್ ಸೇಫ್," ಎಂದಳು. ಫೋನನ್ನು ಪುಸ್ತಕದ ಕಪಾಟಿನ ಮೇಲೆ ನಿಲ್ಲಿಸಿ, "ಆಲ್‌ಸೋ, ನನಗೆ ಅಕ್ಕ ಬರ್ತಿದಾಳೆ ಅಂತ ಯಾರೂ ನನ್ನ ಕೇಳ್ಲೇ ಇಲ್ಲ," ಎಂದಳು. ಅಷ್ಟು ಉದ್ದದ ಕನ್ನಡ ಅವಳ ಬಾಯಲ್ಲಿ ಕೇಳಿ ಎಷ್ಟೋ ತಿಂಗಳಾಗಿತ್ತು. ಅದನ್ನು ಸಂಜೆಗೆಂದು ನೆನಪಿಟ್ಟುಕೊಂಡೆ.

ನಾನು ಸೋಫಾದಲ್ಲಿ ಕುಳಿತೆ. ಪಕ್ಕದಲ್ಲಿ ಯಜಮಾನರು ಪಂಚೆ ಉಟ್ಟುಕೊಂಡು. ಕಪಾಟಿನ ಮೇಲಿನಿಂದ ಶಾಸ್ತ್ರಿಗಳು, "ಮಗು ಬರಲಿ," ಎಂದರು.

ಡೊರೊತಿ ನನ್ನ ಮುಂದೆ ನಿಂತು, ಬಸ್ಸು ಹಿಂದಕ್ಕೆ ತೆಗೆಯುವವರ ಹಾಗೆ ಹಿಂದೆ ಹಿಂದೆ ನೋಡುತ್ತ ಬಂದರು. "ಹೆದರಬೇಡಿ ಲವ್. ನಾನು ಪೂರ್ತಿ ಕೂತ್ಕೊಳಲ್ಲ. ಮುಕ್ಕಾಲು ನಿಂತೇ ಇರ್ತೀನಿ."

ಹಾಗೆಯೇ ಮುಕ್ಕಾಲು ನಿಂತರು. ಶಾಸ್ತ್ರಿಗಳು ಮಂತ್ರ ಶುರು ಮಾಡಿದರು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಹೆತ್ತವರು ಒಪ್ಪಿ ಕೊಟ್ಟಿದ್ದಾರಾ ಎಂದು ಕೇಳಿದರು. ನಾನು ಡೊರೊತಿಗೆ ಹೇಳಿದೆ. ಅವರು ಬೆನ್ನು ತಿರುಗಿಸಿಕೊಂಡೇ ಇದ್ದರು, ಮುಖ ಕಾಣಿಸುತ್ತಿರಲಿಲ್ಲ.

"ಅಪ್ಪನ್ನ ನೋಡಿಲ್ಲ. ಅಮ್ಮ ಹೋದಾಗ ನನಗೆ ಎಂಟು ವರ್ಷ. ಕೊಡೋವರು ಯಾರೂ ಇಲ್ಲ ಅಂತ ಹೇಳಿ ಅವರಿಗೆ. ಕೇಳೋವರು ಯಾರಾದ್ರೂ ಇದ್ರೆ ಸಾಕು."

ನಾನು ಶಾಸ್ತ್ರಿಗಳಿಗೆ ಹೇಳಿದೆ. ಅವರು, "ಸರಿ, ಸರಿ, ನಡೀತದೆ," ಎಂದು ಮುಂದುವರಿಸಿದರು. ಮಂತ್ರ ಮುಗಿಯಿತು. ಯಜಮಾನರು ಅಕ್ಷತೆ ಹಾಕಿದರು. ಏಳಿ ಅನ್ನಬೇಕು, ಅಷ್ಟರಲ್ಲಿ ಡೊರೊತಿ ಪೂರ್ತಿ ಕುಳಿತರು.

ಅವರು ಎಷ್ಟು ಹೊತ್ತು ಕುಳಿತಿದ್ದರೋ ಹೇಳಲಾರೆ. ನನ್ನ ಬಲ ಮಂಡಿ ಅವತ್ತಿನಿಂದ ಚಳಿಗೆ ನೋಯುತ್ತದೆ. ಯಜಮಾನರು ಎಕ್ಸ್‌ರೇ ತೆಗೆಸೋಣ ಅನ್ನುತ್ತಾರೆ, ನಾನೇ ಬೇಡ ಅಂದಿದ್ದೇನೆ.

ಆಮೇಲೆ ಧಾರೆ. ಟ್ರಿಗಲ್‌ಥ್ವೇಟರು ಸೂಟು ಹಾಕಿಕೊಂಡು ಗೋಡೆಯ ಆ ಕಡೆಯಿಂದ ಬಂದರು. ನಾನು ಹಾಲು ನೀರು ಎರೆದೆ, ಯಜಮಾನರು ಕೈ ಹಿಡಿದುಕೊಟ್ಟರು. ಮಾವನಿಗೆ ಐವತ್ತೇಳು, ಅಳಿಯನಿಗೆ ಎಪ್ಪತ್ತನಾಲ್ಕು. ಅಳಿಯ ಅವತ್ತಿನಿಂದ ಮಾವನನ್ನು ಸರ್ ಎನ್ನುತ್ತಾರೆ. ಕಾನೂನಿನ ಮದುವೆ ಅದರ ಮುಂದಿನ ಶನಿವಾರ ಲೀಡ್ಸಿನಲ್ಲಿ ಆಯಿತು. ಆ ಆರು ದಿನ ಮಾತ್ರ ನಕಾಶೆಯಲ್ಲಿ ಲೀಡ್ಸಿನ ಮೇಲೆ ಹಸಿರು ಪಿನ್ನು ಇತ್ತು. ದೊಡ್ಡಮರಳಿ ಎಂಬ ಬ್ರಿಟಿಷ್ ಸರ್‌ನೇಮು ಉತ್ತರ ಇಂಗ್ಲೆಂಡಿಗೂ ಹರಡಿದೆ ಎಂದು "ಒಂದೇ ಒಲೆ"ಯ ಇಪ್ಪತ್ಮೂರನೆಯ ಸಂಚಿಕೆಯಲ್ಲಿ ಅಚ್ಚಾಗಿದೆ, ಬೇಕಾದರೆ ತೋರಿಸುತ್ತೇನೆ.

ಮದುವೆಯಾಗಿ ಡೊರೊತಿ ಪಕ್ಕದ ಮನೆಗೆ ಬಂದ ಮೇಲೆ ಟ್ರಿಗಲ್‌ಥ್ವೇಟರು ಆ ಹಸಿರು ಪಿನ್ನು ಕಿತ್ತು, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಕೆಂಪು ಪಿನ್ನಿಗೆ ಜೋಡಿಯಾಗಿ ಇನ್ನೊಂದು ಕೆಂಪು ಚುಚ್ಚಿದರು. ಡೊರೊತಿ ಹಸಿರನ್ನು ಡಬ್ಬಿಗೆ ಹಾಕಲು ಬಿಡಲಿಲ್ಲ. "ಇದು ನನ್ನದು," ಎಂದು ತಂದು ನಮ್ಮ ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು. ಅದೇ ಸಾಸಿವೆಯೊಳಗೆ ಜಾರಿ ಬಿದ್ದಿರಬೇಕು.

ಪಿನ್ನು ಸಿಕ್ಕಿದ ದಿನದ ಸಂಜೆ ಬಾಗಿಲಿನ ಬೆಲ್ ಆಯಿತು. ತೆಗೆದರೆ ಡೊರೊತಿ, ಕೈಯಲ್ಲಿ ಸಣ್ಣ ಸೂಟ್‌ಕೇಸು. ಅವರ ಬಾಗಿಲಿನಿಂದ ನಮ್ಮ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಮಗಳು ಗಂಡನ ಮನೆಯಲ್ಲಿ ಬೇಜಾರಾದರೆ ತವರಿಗೆ ಬರುತ್ತಾಳೆ ಅಂತ ನಾನೇ ಒಂದು ದಿನ ಬಾಯಿಬಿಟ್ಟು ಹೇಳಿದ್ದೆ. ನನಗೆ ಬುದ್ಧಿ ಬಂದಿಲ್ಲ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

"ಏನಾಯ್ತಮ್ಮ?" ಅಂದೆ. ಅರವತ್ತೊಂಬತ್ತು ವರ್ಷದವರನ್ನು ಈಗ ಹಾಗೆಯೇ ಕರೆಯುವುದು.

"ನನ್ನ ಪಿನ್ನನ್ನ ಮತ್ತೆ ತಪ್ಪು ಬದಿಗೆ ಚುಚ್ಚಿದಾರೆ, ಅಮ್ಮ. ಅಳತೆ ಹಾಕಿ ನೋಡಿದೆ, ನಾನು ನಿಮ್ಮ ಮನೆಯಲ್ಲಿ ಇದೀನಿ ಅಂತ ಬರುತ್ತೆ. ಅದು ನಿಜವಾದ್ರೆ ನಿಜವೇ ಆಗಲಿ ಅಂತ ಬಂದೆ."

ನಾನು ಒಂದು ಪಾವು ಅಕ್ಕಿ ಹೆಚ್ಚು ಹಾಕಿ ಕುಕ್ಕರ್ ಇಟ್ಟೆ. ಹಸಿರು ಪಿನ್ನು ತೊಳೆದು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಡಿಗೆಮನೆಯ ಗೋಡೆಗೆ, ಪಂಚಾಂಗದ ಕ್ಯಾಲೆಂಡರಿನ ಪಕ್ಕಕ್ಕೆ, ಹೆಬ್ಬೆರಳಿನಿಂದ ಒತ್ತಿ ಚುಚ್ಚಿದರು. ಆ ಗೋಡೆಯ ಆ ಕಡೆಗೇ ನಕಾಶೆ ಇರುವುದು.

ನಾನು ದೀಪ ಹಚ್ಚಿದೆ. ಮೂರು ಸೀಟಿ ಆಯಿತು, ನಾಲ್ಕು ಆಯಿತು. ಗೋಡೆ ಟಕಟಕ ಎಂದಿತು.

"ಮಿಸೆಸ್ ದೊಡ್ಡಮರಳಿ, ನಾಲ್ಕಾಯಿತು. ಮತ್ತೆ... ಡೊರೊತಿ ಅಲ್ಲೇನಾದರೂ ಇದ್ದಾಳೆಯೇ?"

ಡೊರೊತಿ ಬಾಯಿಗೆ ಬೆರಳಿಟ್ಟು, ಇಲ್ಲ ಅನ್ನಿ ಎಂದು ಸನ್ನೆ ಮಾಡಿದರು.

ದೀಪ ಉರಿಯುತ್ತಿತ್ತು, ಸುಳ್ಳು ಹೇಳುವ ಹಾಗಿರಲಿಲ್ಲ. ಒಲೆ ಆರಿಸಿ ಗೋಡೆಗೆ ಹೇಳಿದೆ:

"ತವರಿಗೆ ಬಂದಿದಾಳೆ. ಊಟ ಮಾಡಿಸಿ ನಾಳೆ ಕಳಿಸ್ತೀನಿ."